‘ಫಾರ್ಮ್ಯಾಟ್ ಮಾಡಿ’ ಅನ್ನುತ್ತಿರುವ 1 ಟಿಬಿ ಡಿಸ್ಕ್‌ನಿಂದ ಫೋಟೊ ತೆಗೆಯುವುದು

ಫೋಟೊಗಳಿರುವ ಹಾರ್ಡ್ ಡಿಸ್ಕ್ ಕಂಪ್ಯೂಟರ್‌ನಲ್ಲಿ ಕಾಣುತ್ತೆ, ತೆರೆಯಲು ಹೋದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತೆ, ಕಟಕಟ ಸದ್ದಿಲ್ಲ, ಫೋಟೊ ಹೊರತೆಗೆಯುವುದು ಹೇಗೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಇದು ಬ್ಯಾಡ್ ಸೆಕ್ಟರ್ (ಡಿಸ್ಕ್‌ನಲ್ಲಿ ಕೆಟ್ಟುಹೋದ ಭಾಗ) ಕಾಟ: ಫೈಲ್‌ಗಳ ಪಟ್ಟಿ ಇರುವ ಜಾಗ ಓದಲಾಗುತ್ತಿಲ್ಲ, ಫೋಟೊಗಳು ಬಹುಶಃ ಅಲ್ಲೇ ಇವೆ. ಕೇಬಲ್ ದೋಷವೂ ಇದ್ದೀತು. ಮೊದಲು ಅದನ್ನು ಬದಲಿಸಿ, ಯುಎಸ್‌ಬಿ ಹಬ್ ಬಿಟ್ಟು ನೇರ ಕಂಪ್ಯೂಟರ್‌ನ ಪೋರ್ಟಿಗೆ ಹಾಕಿ ನೋಡಿ.

ಫಾರ್ಮ್ಯಾಟ್ ಒತ್ತಬೇಡಿ. ವಿಂಡೋಸ್‌ನ ಡಿಸ್ಕ್ ದುರಸ್ತಿ ಸಾಧನ ಚೆಕ್‌ಡಿಸ್ಕ್ ಅಂತೂ ಬೇಡವೇ ಬೇಡ, ದುರಸ್ತಿಗೆ ಹೋಗಿ ಅದು ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತೆ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ 05, ಸಿ5, ಸಿ6 ಸಾಲುಗಳ (ಕೆಟ್ಟ ಸೆಕ್ಟರ್‌ಗಳ ಲೆಕ್ಕ) ಕೊನೆಯ ಕಾಲಂನ ಸಂಖ್ಯೆ ಸೊನ್ನೆ ಅಲ್ಲದಿದ್ದರೆ ಫೈಲ್ ಹುಡುಕುವ ಮೊದಲು ಇಡೀ ಡಿಸ್ಕ್‌ನ ನಕಲು ತೆಗೆಯಿರಿ.

ಅದಕ್ಕೆ ಖಾಲಿ 2 ಟಿಬಿ ಡಿಸ್ಕ್ ತನ್ನಿ (ಅಳತೆ ಬೇರೆಯಾದರೆ ಯಾವುದು ಯಾವುದೆಂದು ಗೊಂದಲವಾಗಲ್ಲ). ಉಬುಂಟು (ಲಿನಕ್ಸ್) ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಮಾಡಿ, ಜಿಡಿಡಿರೆಸ್ಕ್ಯೂ (gddrescue) ಪ್ಯಾಕೇಜ್ ಹಾಕಿಕೊಳ್ಳಿ; ನಕಲು ತೆಗೆಯುವ ಡಿಡಿರೆಸ್ಕ್ಯೂ (ddrescue) ಆದೇಶ ಅದರಲ್ಲೇ ಬರುತ್ತೆ. ಡಿಡಿರೆಸ್ಕ್ಯೂ ಆದೇಶದಲ್ಲಿ ಮೊದಲು ಕೆಟ್ಟ ಡಿಸ್ಕ್, ಆಮೇಲೆ ಹೊಸದು. ಉಲ್ಟಾ ಆದರೆ ಫೋಟೊಗಳ ಮೇಲೆ ಖಾಲಿ ಡಿಸ್ಕ್ ಬರೆದುಕೊಳ್ಳುತ್ತೆ, ಎಂಟರ್ ಒತ್ತುವ ಮುಂಚೆ ಎರಡು ಸಲ ಓದಿ. ಎಷ್ಟು ಓದಿ ಆಯಿತೆಂಬ ಲೆಕ್ಕ ಇಡುವ ಮ್ಯಾಪ್ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಇಡಿ, ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತೆ. ಮೊದಲ ಸುತ್ತು ‘ಮೈನಸ್ ಎನ್’ (-n) ಕೊಟ್ಟು ಸುಲಭವಾಗಿ ಓದಲಾಗುವುದನ್ನು ಎತ್ತಿ, ಎರಡನೇ ಸುತ್ತು ‘ಮೈನಸ್ ಆರ್ 3’ (-r3) ಕೊಟ್ಟು ಓದಲಾಗದ ಕಡೆ ಮೂರು ಸಲ ಮತ್ತೆ ಪ್ರಯತ್ನಿಸಿ. ಒಂದು ದಿನವೂ ಹಿಡಿಯಬಹುದು.

ಆಮೇಲೆ ಹಳೆಯದನ್ನು ಕಂಪ್ಯೂಟರ್‌ನಿಂದ ತೆಗೆದಿಟ್ಟು, ನಕಲಿನ ಮೇಲೆ ಕಳೆದ ಫೋಲ್ಡರ್ ಹುಡುಕುವ ಟೆಸ್ಟ್‌ಡಿಸ್ಕ್ ತಂತ್ರಾಂಶ ಓಡಿಸಿ. ಅದಕ್ಕೆ ಫೋಲ್ಡರ್ ಸಿಗದಿದ್ದರೆ, ಫೈಲ್‌ಗಳ ಪಟ್ಟಿಯಿಲ್ಲದೆ ಚಿತ್ರಗಳನ್ನೇ ಹುಡುಕುವ ಫೋಟೊರೆಕ್ ಓಡಿಸಿ. ಚಿತ್ರ ಬರುತ್ತೆ, ಫೈಲ್ ಹೆಸರು ಬರಲ್ಲ.

ನಡುವೆ ಕಟಕಟ ಶುರುವಾದರೆ ತಕ್ಷಣ ಕಿತ್ತುಬಿಡಿ. ಅದು ಹೆಡ್ (ಡಿಸ್ಕ್ ಓದುವ ಭಾಗ) ಕೆಟ್ಟ ಲಕ್ಷಣ, ಡೇಟಾ ರಿಕವರಿ ಲ್ಯಾಬ್‌ಗೇ ಕೊಡಬೇಕು. ಡಿಸ್ಕನ್ನು ಫ್ರಿಜ್‌ನಲ್ಲಿಡುವ ಉಪಾಯ ಯಾರು ಹೇಳಿದರೂ ಕೇಳಬೇಡಿ.