ಕೋರ್ಟ್ ಕಟ್ಟೆ: ಡೇಟ್ ತಪ್ಪಿಸಿದವರ ಪತ್ರಗಳು

(ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು ಓದುಗರಿಗೆ ಉತ್ತರಿಸುತ್ತಾರೆ)

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ಒನ್‌ವೇಯಲ್ಲಿ ಉಲ್ಟಾ ಬಂದೆ ಎಂದು ಟ್ರಾಫಿಕ್ ಪೊಲೀಸರು ಎಫ್‌ಐಆರ್ ಹಾಕಿದರು. ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸಿದರು. ಹೆಲ್ಮೆಟ್ ಕೇಸಿನ ಹಾಗೆ ಇದನ್ನೂ ಆಮೇಲೆ ಮೊಬೈಲಿನಲ್ಲಿ ಕಟ್ಟಿದರಾಯಿತು ಎಂದುಕೊಂಡೆ. ಕೆಲಸ ಬದಲಾಗಿ ಹುಬ್ಬಳ್ಳಿಗೆ ಬಂದೆ. ಸಮನ್ಸ್ ಬಂದಿತ್ತು, ಎರಡು ಡೇಟಿಗೆ ಹೋಗಲಿಲ್ಲ. ಹೋದ ವಾರ ಪೇದೆಯೊಬ್ಬರು ಊರಿನ ಮನೆಗೆ ಬಂದು, ‘ನಿಮ್ಮ ಮಗನ ಮೇಲೆ ವಾರಂಟ್ ಇದೆ’ ಎಂದು ಅಪ್ಪನಿಗೆ ಹೇಳಿಹೋಗಿದ್ದಾರೆ. ಅಪ್ಪ ಊಟ ಬಿಟ್ಟಿದ್ದಾರೆ. ಕಂಪನಿ ವಿದೇಶಕ್ಕೆ ಕಳಿಸುವ ಮಾತಾಡುತ್ತಿದೆ, ಪಾಸ್‌ಪೋರ್ಟ್ ಮಾಡಿಸಬೇಕು. ನನ್ನನ್ನು ಜೈಲಿಗೆ ಹಾಕುತ್ತಾರಾ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಅಪ್ಪನಿಗೆ ಊಟ ಮಾಡಿಸಿ. ಜೈಲಿನ ಮಾತು ಆಮೇಲೆ.

ಹೆಲ್ಮೆಟ್ ಇಲ್ಲದ್ದಕ್ಕೆ ಬರುವ ಚಲನ್ ಬೇರೆ, ನಿಮ್ಮದು ಬೇರೆ. ಚಲನ್ ಎಂದರೆ ದಂಡ ಕಟ್ಟಿ ರಾಜಿಯಾಗುವ ಅವಕಾಶ. ನಿಮ್ಮ ಮೇಲಿರುವುದು ಎಫ್‌ಐಆರ್. ಉಲ್ಟಾ ಬಂದವರ ಮೇಲೆ ಬೆಂಗಳೂರಿನಲ್ಲಿ ಈಚೆಗೆ ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್, ಹಳೆಯ ಐಪಿಸಿಯಲ್ಲಿ 279 ಆಗಿದ್ದದ್ದು. ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾನು ಕುರ್ಚಿಯಲ್ಲಿದ್ದಷ್ಟು ಕಾಲ, ಯಾರಿಗೂ ಪೆಟ್ಟಾಗದ ಇಂಥ ಕೇಸಿಗೆ ಜೈಲಾದದ್ದು ಕಂಡಿಲ್ಲ. ದಂಡ ಕಟ್ಟಿ ಮಧ್ಯಾಹ್ನದ ಬಸ್ಸು ಹಿಡಿದವರೇ ಎಲ್ಲ. ಅಂಥ ಕೇಸನ್ನು ನೀವು ಮನೆಯಲ್ಲಿ ಕೂತು ದೊಡ್ಡದು ಮಾಡಿಕೊಂಡಿದ್ದೀರಿ.

ನೀವು ಬಾರದ ದಿನ ಅಲ್ಲಿ ಏನಾಯಿತು ಕೇಳಿ. ಅಟೆಂಡರ್ ಬಾಗಿಲಲ್ಲಿ ನಿಂತು ನಿಮ್ಮ ಹೆಸರನ್ನು ಮೂರು ಸಲ ಕೂಗಿರುತ್ತಾನೆ, ಅದನ್ನೂ ನಿಮಗೇ ಗುರುತು ಸಿಗದಷ್ಟು ಕೆಡಿಸಿ. ಉತ್ತರವಿಲ್ಲ. ಆರ್ಡರ್ ಶೀಟಿನಲ್ಲಿ ಒಂದೇ ಸಾಲು: ‘ಆರೋಪಿ ಗೈರುಹಾಜರು, ಜಾಮೀನುಸಹಿತ ವಾರಂಟ್ ಹೊರಡಿಸಿ.’ ಮುಂದಿನ ಡೇಟಿಗೂ ಬಾರದಿದ್ದರೆ ಅದೇ ಸಾಲು, ‘ಜಾಮೀನುರಹಿತ’ ಎಂದು ಬದಲಾಗಿ. ಕೋರ್ಟಿನ ಆವರಣದಲ್ಲಿ ಎಲ್ಲರೂ ಎನ್‌ಬಿಡಬ್ಲ್ಯು ಅನ್ನುವುದು ಇದಕ್ಕೇ. ಬರೆಯಲು ಅರ್ಧ ನಿಮಿಷ ಸಾಕು. ನೀವು ಯಾಕೆ ಬರಲಿಲ್ಲ, ಕೆಲಸ ಸಿಕ್ಕಿತಾ, ಅಮ್ಮನಿಗೆ ಹುಷಾರಿಲ್ಲವಾ ಎಂದು ಆ ಹಾಳೆ ಕೇಳುವುದಿಲ್ಲ. ಯಾರಾದರೂ ಬಂದು ಹೇಳಬೇಕು. ಒಬ್ಬ ವಕೀಲರು ನಿಂತು ಗೈರಿಗೆ ವಿನಾಯಿತಿ ಅರ್ಜಿ ಕೊಟ್ಟಿದ್ದರೆ ಬಹುಮಟ್ಟಿಗೆ ಅಂದೇ ಮುಗಿಯುತ್ತಿತ್ತು.

ಸುಮ್ಮನಿದ್ದರೆ ವಾರಂಟ್ ತಾನಾಗಿ ಸಾಯುವುದಿಲ್ಲ. ಕೋರ್ಟ್ ರದ್ದು ಮಾಡುವವರೆಗೆ ಅಥವಾ ಪೊಲೀಸರು ಜಾರಿ ಮಾಡುವವರೆಗೆ ಅದಕ್ಕೆ ಜೀವ ಇರುತ್ತದೆ. ವರ್ಷಗಟ್ಟಲೆ ಆರೋಪಿ ಸಿಗದಿದ್ದರೆ ಕಡತವನ್ನು ಎಲ್‌ಪಿಆರ್‌ಗೆ, ಅಂದರೆ ಬಹುಕಾಲದಿಂದ ಬಾಕಿ ಬಿದ್ದ ಕೇಸುಗಳ ರಿಜಿಸ್ಟರಿಗೆ, ಹಾಕುತ್ತಾರೆ. ಬಹಳ ಜನ ಅದನ್ನೇ ‘ಕೇಸ್ ಕ್ಲೋಸ್ ಆಯ್ತು’ ಅಂದುಕೊಳ್ಳುತ್ತಾರೆ. ಕ್ಲೋಸ್ ಆಗಿರುವುದಿಲ್ಲ, ಬೀರು ಬದಲಾಗಿರುತ್ತದೆ. ನೀವು ಸಿಕ್ಕ ದಿನ ಮತ್ತೆ ಮೇಜಿಗೆ ಬರುತ್ತದೆ.

ಇನ್ನೂ ಒಂದಿದೆ, ಅದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ನಿಮ್ಮದು ಜಾಮೀನು ಹಕ್ಕಾಗಿ ಸಿಗುವ ಅಪರಾಧ. ಆದರೆ ಬಾಂಡ್ ಬರೆದುಕೊಟ್ಟು ಹೇಳಿದ ದಿನ ಬಾರದವನಿಗೆ ಅದೇ ಕೇಸಿನಲ್ಲಿ ಮತ್ತೆ ಜಾಮೀನು ಕೊಡದಿರಲು ಕೋರ್ಟಿಗೆ ಅಧಿಕಾರವಿದೆ; ನಾಗರಿಕ ಸುರಕ್ಷಾ ಸಂಹಿತೆಯ 478ನೇ ಸೆಕ್ಷನ್ ನೋಡಿ. ಸಕಾರಣವಿಲ್ಲದೆ ತಪ್ಪಿಸಿಕೊಂಡದ್ದಕ್ಕೆ ನ್ಯಾಯ ಸಂಹಿತೆಯ 269ರಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಬೇರೆ. ಮೂಲ ತಪ್ಪಿಗೆ ಆರು ತಿಂಗಳು, ಬಾರದ ತಪ್ಪಿಗೆ ಒಂದು ವರ್ಷ! ಬಾಂಡಿನ ಹಣವೂ ಮುಟ್ಟುಗೋಲಾಗಬಹುದು. ಯಾರಾದರೂ ಗೆಳೆಯ ನಿಮಗಾಗಿ ಶ್ಯೂರಿಟಿ ಸಹಿ ಹಾಕಿದ್ದರೆ ಅವನ ಮನೆಗೂ ನೋಟಿಸ್ ಹೋಗುತ್ತದೆ. ಇಂಥ ಗೆಳೆಯರು ಕೋರ್ಟಿನ ಕಾರಿಡಾರಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುವುದು ನನಗೆ ಹೊಸದಲ್ಲ.

ಈಗ ಮಾಡಬೇಕಾದದ್ದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಠಾಣೆಯ ಹೆಸರು, ಎಫ್‌ಐಆರ್ ನಂಬರು ಹಾಕಿ ಹುಡುಕಿ. ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕೇಸ್ ಯಾವ ಹಂತದಲ್ಲಿದೆ, ಮುಂದಿನ ಡೇಟ್ ಯಾವುದು ಎಂದು ಅಲ್ಲೇ ಕಾಣುತ್ತದೆ. ಬೆಂಗಳೂರಿನ ವಕೀಲರೊಬ್ಬರಿಗೆ ವಕಾಲತ್ತು ಕೊಡಿ. ಡೇಟಿನವರೆಗೆ ಕಾಯಬೇಡಿ, ಕಡತವನ್ನು ಮುಂಚಿತವಾಗಿ ತೆಗೆಸಿ ವಾರಂಟ್ ರೀಕಾಲ್ ಅರ್ಜಿ ಹಾಕಬಹುದು. ಆ ದಿನ ಖುದ್ದು ನೀವೇ ಬನ್ನಿ, ಬೆಳಿಗ್ಗೆ ಕಲಾಪ ಶುರುವಾಗುವ ಮೊದಲೇ. ತಾನಾಗಿ ಬಂದು ನಿಂತವನನ್ನು ನೋಡುವ ಕಣ್ಣೇ ಬೇರೆ, ಪೊಲೀಸರು ಹಿಡಿದು ತಂದವನನ್ನು ನೋಡುವ ಕಣ್ಣೇ ಬೇರೆ. ಸಾಮಾನ್ಯವಾಗಿ ಒಂದಿಷ್ಟು ದಂಡ, ಹೊಸ ಶ್ಯೂರಿಟಿ ಕೇಳಿ ವಾರಂಟ್ ವಾಪಸ್ ಪಡೆಯುತ್ತಾರೆ. ಮುಂದಿನ ಡೇಟುಗಳಿಗೆ ಹುಬ್ಬಳ್ಳಿಯಿಂದ ಓಡಾಡುವುದು ಕಷ್ಟವಾದರೆ ಖುದ್ದು ಹಾಜರಿಗೆ ವಿನಾಯಿತಿ ಕೇಳಲು ವಕೀಲರಿಗೆ ಹೇಳಿ.

ಪಾಸ್‌ಪೋರ್ಟ್ ಬಗ್ಗೆ ಕೇಳಿದ್ದೀರಿ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕ್ರಿಮಿನಲ್ ಕೇಸ್ ಬಾಕಿಯಿದ್ದರೂ, ಸಮನ್ಸ್ ಅಥವಾ ವಾರಂಟ್ ಇದ್ದರೂ ಅರ್ಜಿ ತಿರಸ್ಕರಿಸಬಹುದು. ಅರ್ಜಿಯಲ್ಲಿ ಈ ಪ್ರಶ್ನೆ ಇರುತ್ತದೆ, ‘ಇಲ್ಲ’ ಎಂದು ಬರೆಯುವ ಜಾಣತನ ಬೇಡ. ಕೇಸ್ ಬಾಕಿಯಿದ್ದವರು ಅದೇ ಕೋರ್ಟಿನ ಅನುಮತಿ ಪಡೆದು ಪಾಸ್‌ಪೋರ್ಟ್ ಮಾಡಿಸಿಕೊಳ್ಳಲು 1993ರಿಂದಲೂ ದಾರಿಯಿದೆ. ಆದರೆ ಅದೇ ಕೋರ್ಟಿನ ವಾರಂಟ್ ತಲೆಯ ಮೇಲಿಟ್ಟುಕೊಂಡು ಅನುಮತಿ ಕೇಳಲು ಯಾವ ಮುಖದಲ್ಲಿ ಹೋಗುತ್ತೀರಿ?

ತಪ್ಪೊಪ್ಪಿಕೊಂಡು ದಂಡ ಕಟ್ಟಿ ಅಂದೇ ಮುಗಿಸಿಬಿಡಲೇ ಎಂದು ನಿಮಗೆ ಅನ್ನಿಸುತ್ತದೆ. ನೂರಕ್ಕೆ ತೊಂಬತ್ತು ಜನಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಆದರೆ 281ರಲ್ಲಿ ತಪ್ಪೊಪ್ಪಿಕೊಂಡರೆ ಅದು ಅಪರಾಧ ಸಾಬೀತಾದಂತೆ. ನಿಮ್ಮ ಕಂಪನಿ ಹಿನ್ನೆಲೆ ವಿಚಾರಿಸುವಂಥದ್ದಾದರೆ ವಕೀಲರ ಜೊತೆ ಒಂದು ಕಾಫಿ ಕುಡಿಯುವಷ್ಟು ಹೊತ್ತು ಮಾತಾಡಿಯೇ ‘ಹೂಂ’ ಅನ್ನಿ.

ಪ್ರಶ್ನೆ: ಸ್ಕೂಟರ್ ಮಾರಿ ವರ್ಷವಾಯಿತು. ಈಗಲೂ ನನ್ನ ಮೊಬೈಲಿಗೆ ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲ ಎಂದು ಮೆಸೇಜು ಬರುತ್ತಲೇ ಇದೆ. ಕೊಂಡವನು ಫೋನ್ ಎತ್ತುವುದಿಲ್ಲ. ಅವನ ದಂಡ ನಾನೇಕೆ ಕಟ್ಟಲಿ?
— ಓದುಗಿ, ತುಮಕೂರು

ಉತ್ತರ: ಆರ್‌ಟಿಒ ದಾಖಲೆಯಲ್ಲಿ ಸ್ಕೂಟರ್ ಇನ್ನೂ ನಿಮ್ಮದೇ, ಅದಕ್ಕೆ. ಮಾರಿದವರು ಹದಿನಾಲ್ಕು ದಿನದೊಳಗೆ ಫಾರಂ 29ರಲ್ಲಿ ತಿಳಿಸಬೇಕು. ಸಹಿ ಹಾಕಿದ ಖಾಲಿ ಫಾರಂ ಕೊಂಡವನ ಕೈಗೆ ಕೊಟ್ಟು ಬರುವುದು ನಮ್ಮಲ್ಲಿ ವಾಡಿಕೆ, ಅವನು ಅದನ್ನು ಡಿಕ್ಕಿಯಲ್ಲಿ ಮಡಚಿಡುವುದೂ ವಾಡಿಕೆ. ಸಿಗ್ನಲ್ ಜಂಪಿನ ದಂಡ ಸಣ್ಣದು ಬಿಡಿ. ನಾಳೆ ಅವನು ಯಾರಿಗಾದರೂ ಗುದ್ದಿ, ವಿಮೆಯೂ ಇಲ್ಲದಿದ್ದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದು ಎಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮಾರಾಟದ ಕರಾರು, ಹಣ ಬಂದ ಬ್ಯಾಂಕ್ ದಾಖಲೆ, ಅವನ ಆಧಾರ್ ಪ್ರತಿ ಏನಿದೆಯೋ ಹಿಡಿದು ಆರ್‌ಟಿಒಗೆ ಬರೆದುಕೊಡಿ, ಟ್ರಾಫಿಕ್ ಠಾಣೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಚಲನ್‌ಗಳಲ್ಲಿರುವ ಕ್ಯಾಮೆರಾ ಫೋಟೊ ಇಳಿಸಿಟ್ಟುಕೊಳ್ಳಿ. ಓಡಿಸುತ್ತಿರುವುದು ನೀವಲ್ಲ ಎನ್ನಲು ಅದಕ್ಕಿಂತ ಸಾಕ್ಷಿ ಬೇಡ. ವಕೀಲರ ಖರ್ಚಿನ ಚಿಂತೆಯೇ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಚೇರಿ ಇದೆ.

ಪ್ರಶ್ನೆ: ಹನ್ನೆರಡು ಚಲನ್ ಬಾಕಿ ಇದೆ. ಹೇಗೂ ಸರ್ಕಾರ ಅರ್ಧ ಬಿಡುತ್ತದಲ್ಲ, ಕಾಯುವುದು ಜಾಣತನವಲ್ಲವೇ?
— ಡೆಲಿವರಿ ಹುಡುಗ, ಬೆಂಗಳೂರು

ಉತ್ತರ: 2023ರ ಫೆಬ್ರುವರಿಯಲ್ಲಿ ಬಿಟ್ಟರು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಬಿಟ್ಟರು. ಪ್ರತಿ ಸಲವೂ ಸರಿಯಾದ ಹೊತ್ತಿಗೆ ಪೂರ್ತಿ ಕಟ್ಟಿದವನೇ ಪೆದ್ದನಾದ. ನನಗೆ ಈ ಪದ್ಧತಿ ಹಿಡಿಸುವುದಿಲ್ಲ, ಆದರೆ ನಿನ್ನ ಲೆಕ್ಕ ತಪ್ಪು ಎನ್ನಲಾರೆ. ಕಾಯುವುದಾದರೆ ಒಂದು ನೆನಪಿಡು: ಬಾಕಿ ಹೆಚ್ಚಿದಷ್ಟೂ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ಸಂಭವ ಹೆಚ್ಚು. 2025ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಕೇಸಿದ್ದ ಸ್ಕೂಟರನ್ನು ವಶಪಡಿಸಿಕೊಂಡರಲ್ಲ, ಅದರ ಬಾಕಿ ಒಂದೂವರೆ ಲಕ್ಷ ದಾಟಿತ್ತು. ನಿನಗೆ ಗಾಡಿಯೇ ಹೊಟ್ಟೆಪಾಡು. ಇವತ್ತೇ ಹನ್ನೆರಡರಲ್ಲಿ ನಾಲ್ಕನ್ನಾದರೂ ಕಟ್ಟು, ರಸೀದಿ ಮೊಬೈಲಿನಲ್ಲಿ ಇಟ್ಟುಕೋ. ಅವುಗಳಲ್ಲಿ ಯಾವುದಾದರೂ ಕೋರ್ಟಿಗೆ ಹೋಗಿ ಸಮನ್ಸ್ ಬಂದಿದ್ದರೆ ಮಾತ್ರ ಮೊದಲು ಅದು.