ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ) ಧಾನ್ಯದಿಂದಲೇ ಮನೆಯಲ್ಲಿ ಬಿಯರ್ ತಯಾರಿಸಲು ಮೂರು ಪಾತ್ರೆಗಳು ಬೇಕೇ?

ಬೇಡ. ಕಲಿಯುವವರಿಗೆ ಒಂದು ದೊಡ್ಡ ಸ್ಟೀಲ್ ಪಾತ್ರೆ, ಅದರೊಳಗೆ ಇಳಿಬಿಡಲು ತೆಳುಬಟ್ಟೆಯ ಚೀಲ, ನಂಬಿಕೆಯ ಥರ್ಮಾಮೀಟರ್ ಸಾಕು. 10 ಲೀಟರ್ ಬಿಯರ್‌ಗೆ 20 ಲೀಟರ್ ಪಾತ್ರೆ ಇರಲಿ. ಕುದಿ ಬಂದಾಗ ನೊರೆ ಉಕ್ಕುತ್ತದೆ, ಒಲೆ ತಿಕ್ಕುವ ಕೆಲಸ ಯಾರಿಗೆ ಬೇಕು!

ಒಡೆದ ಮಾಲ್ಟನ್ನು ಚೀಲದಲ್ಲಿ ಹಾಕಿ, ಸುಮಾರು 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನೆನೆಸಬೇಕು. ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುವುದು ಆಗಲೇ. ಬಿಸಿ ಹೆಚ್ಚಾದರೆ ಅವು ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಪಾತ್ರೆಯಲ್ಲಿ ಬೇಕಾದರೆ ಜಿಪುಣತನ ಮಾಡಿ, ಥರ್ಮಾಮೀಟರಿನಲ್ಲಿ ಬೇಡ. ಒಲೆ ಆರಿಸಿ ಪಾತ್ರೆಗೆ ಕಂಬಳಿ ಸುತ್ತಿದರೆ ಬಿಸಿ ಚೆನ್ನಾಗಿಯೇ ನಿಲ್ಲುತ್ತದೆ. ನೀರು ಕುಡಿದ ಚೀಲ ಭಾರ. ಎತ್ತಲು ಇನ್ನೊಬ್ಬರಿದ್ದರೆ ಲೇಸು. ಉಳಿದ ರಸವನ್ನು ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಹಾಕಿ ಅದೇ ಪಾತ್ರೆಯಲ್ಲಿ ಕುದಿಸಬಹುದು. ಹುದುಗಿಸಲು ಮಾತ್ರ ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ) ಇರುವ, ಸೋಂಕು ತೆಗೆದ ಪ್ರತ್ಯೇಕ ಡಬ್ಬ ಬೇಕು.