ಕೊನೆಕೊಯ್ಲಿನ ಹೊತ್ತಿಗೆ ಕೀಮೋ

ಹೆಸರು, ಗುರುತು ಬದಲಿಸಿದ್ದೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯ ಸುಮಿತ್ರಮ್ಮ, ಐವತ್ತು ದಾಟಿದವರು. ಸ್ತನ ಕ್ಯಾನ್ಸರ್, ಬೇರೆಡೆ ಹರಡಿಲ್ಲ. ಮೊದಲ ಕೀಮೋ ಆದಮೇಲೆ "ಇನ್ನು ಶಿವಮೊಗ್ಗಕ್ಕೆ ಬರಲ್ಲ, ನಾಟಿ ಔಷಧಿ ಸಾಕು" ಅಂದುಬಿಟ್ಟಿದ್ದರು. ಮಗ ಹೇಗೋ ಒಪ್ಪಿಸಿ ಸಲಹೆ ಕೇಳಲು ನನ್ನ ಹತ್ತಿರ ಕರೆದುಕೊಂಡು ಬಂದ. ಆದರೆ ಆ ನಾಟಿ ಔಷಧಿಯ, ತೊಗಟೆ ಪುಡಿಯ ಪೊಟ್ಟಣ ಇದ್ದದ್ದು ಅವನ ಕೈಯಲ್ಲೇ.

"ಮೇಡಂ, ಗಿಡಮೂಲಿಕೆ, ಅಕ್ಯುಪಂಕ್ಚರ್ ಎರಡಕ್ಕೂ ಸಂಶೋಧನೆ ಆಗಿದೆಯಂತಲ್ವಾ?" ಅಂತ ಕೇಳಿದ.

ಆಗಿದೆ. ಯಾವ ಕಾಯಿಲೆಗೆ, ಏನು ಸಿಕ್ಕಿತು ಅಂತ ನೋಡಬೇಕು. ಅವರ ಅಂಗಳದಲ್ಲೇ ಸದಾಪುಷ್ಪ ಇದೆ. ಆ ಗಿಡದಿಂದ ತೆಗೆದ ವಿನ್‌ಕ್ರಿಸ್ಟಿನ್ ರಕ್ತ ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿಯೇ. ಅದನ್ನು ಅಳೆದೇ ಕೊಡಬೇಕು, ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ. ಹಾಗಂತ ಎಲೆ ಕಿತ್ತು ಕಷಾಯ ಮಾಡಿದರೆ ಅಪಾಯ. ಚೀನಾದ ವಿಜ್ಞಾನಿ ತು ಯೂಯೂ ಹಳೇ ಗ್ರಂಥದ ಸುಳಿವು ಹಿಡಿದೇ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದರು, 2015ರಲ್ಲಿ ನೊಬೆಲ್ ಬಂತು. ಆದರೆ ಸಾರ ತೆಗೆದು, ಪ್ರಾಣಿಗಳ ಮೇಲೆ ನೋಡಿ, ತಾವೇ ಕುಡಿದು, ಆಮೇಲೆ ರೋಗಿಗಳಿಗೆ ಕೊಟ್ಟರು. ಈ ಪುಡಿ ಯಾವ ಮರದ್ದು ಅಂತಲೂ ಮಗನಿಗೆ ಗೊತ್ತಿರಲಿಲ್ಲ.

ಅಕ್ಯುಪಂಕ್ಚರ್, ಅಂದರೆ ಮೈಗೆ ಸೂಜಿ ಚುಚ್ಚುವ ಚಿಕಿತ್ಸೆಯದು ಇನ್ನೊಂದು ಕಥೆ. ಜರ್ಮನಿಯಲ್ಲಿ ಸೊಂಟನೋವಿನವರ ಮೇಲೆ ದೊಡ್ಡ ಪ್ರಯೋಗ ನಡೆದು 2007ರಲ್ಲಿ ಫಲಿತಾಂಶ ಬಂತು. ಆ ಪದ್ಧತಿ ಹೇಳುವ ಸರಿಯಾದ ಜಾಗದಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಜನರಿಗೆ ಗುಣ ಕಂಡಿತು. ಬೇರೆಲ್ಲೋ ಸುಮ್ನೆ ಮೇಲ್ಮೇಲೆ ಚುಚ್ಚಿದವರಲ್ಲಿ ಶೇ. 44.2. ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ನೋವಿಗೆ ಆರಾಮ ಸಿಗುತ್ತದೆ, ಜಾಗದ ಮಹಿಮೆ ಕಡಿಮೆ. ಕೀಮೋ ವಾಂತಿಗೂ ಸ್ವಲ್ಪ ಸಹಾಯವಾಗಬಹುದು. ಗಡ್ಡೆ ಕರಗುತ್ತದೆ ಅನ್ನೋಕೆ ಆಧಾರವಿಲ್ಲ.

ಅಮೆರಿಕದ 2018ರ ಅಧ್ಯಯನವನ್ನೂ ಅಮ್ಮನ ಎದುರಿಗೇ ಹೇಳಿದೆ. ಹರಡದ ಸ್ತನ ಕ್ಯಾನ್ಸರಿಗೆ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಔಷಧಿ ಹಿಡಿದವರಲ್ಲಿ ಸಾವಿನ ಅಪಾಯ ಐದು ಪಟ್ಟಿಗಿಂತ ಜಾಸ್ತಿ ಇತ್ತು. ಇಂಥದ್ದನ್ನು ಮುಚ್ಚಿಟ್ಟು ಸಲಹೆ ಕೊಡೋದು ನನಗೆ ಸರಿ ಕಾಣುವುದಿಲ್ಲ.

ಸುಮಿತ್ರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಿಕೆ ಕೊನೆಕೊಯ್ಲು ಶುರುವಾಯ್ತಲ್ಲಮ್ಮ, ಅಡಿಕೆ ಸುಲಿಯೋರಿಗೆ ಅಡುಗೆ ಮಾಡೋರ್ಯಾರು? ಒಗ್ಗರಣೆ ವಾಸನೆ ಬಂದ್ರೆ ವಾಂತಿ" ಅಂದರು. ಡಾಕ್ಟರಿಗೆ ಹೇಳಿದ್ರಾ ಅಂದೆ. ಇಲ್ಲ, ಅವರು ಗಡಿಬಿಡಿಯಲ್ಲಿದ್ದರಂತೆ! ವಿಜ್ಞಾನದ ಪಾಠ ಬೇಕಿದ್ದದ್ದು ಮಗನಿಗೆ. ಇವರಿಗೆ ಬೇಕಿದ್ದದ್ದು ಅಡುಗೆಯವರು.

ನಾನು ಹೇಳಿದ್ದು ಇಷ್ಟು. ವಾಂತಿ ಎಷ್ಟು ಸಲ, ಯಾವಾಗ ಅಂತ ಬರೆದುಕೊಂಡು ಹೋಗಿ, ಮಾತ್ರೆ ಬದಲಿಸಲು ಕೇಳಿ. ಪುಡಿಯನ್ನು ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಲಿವರಿಗೆ ಪೆಟ್ಟಾಗಬಹುದು, ಕೀಮೋ ಜೊತೆ ತಕರಾರೂ ಆಗಬಹುದು. ಅಕ್ಯುಪಂಕ್ಚರ್ ಬೇಕೇ ಅನ್ನಿಸಿದರೆ ರಕ್ತ ಪರೀಕ್ಷೆ ನೋಡಿ ಡಾಕ್ಟರ್ ಒಪ್ಪಿದ ಮೇಲೆ. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಸೂಜಿ ಬೇಡ. ಮಗನಿಗೆ ಬೇರೆಯೇ ಹೇಳಿದೆ: ಸಂಶೋಧನೆ ಹುಡುಕಿದ್ದು ಸಾಕು, ಈ ಸುಗ್ಗಿಗೆ ಒಬ್ಬ ಅಡುಗೆಯವರನ್ನು ಹುಡುಕಪ್ಪ.

ಎರಡನೇ ಕೀಮೋಗೆ ಬಂದರು. ವಾಂತಿ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಪುಡಿ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಅಡುಗೆಗೆ ಸದ್ಯ ಅವರ ನಾದಿನಿ ಬಂದಿದ್ದಾರೆ.